ಪಕ್ಕದೂರಿನ ಶಾಲೆಗೆ ಇರುವುದು ನಮ್ಮ ಶಾಲೆಗೇಕಿಲ್ಲ? ಸರ್ಕಾರಿ ಶಾಲೆಯ ಕೊರತೆ ಹಿಡಿದು ಕೇಳುವ ಬಗೆ

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ. 91.12. ಕಲಬುರಗಿಯದ್ದು ಶೇ. 42.43. ಪಠ್ಯಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಮಂಡಳಿಯೂ ಒಂದೇ. ಈ ಲೆಕ್ಕದಲ್ಲಿ ಖಾಸಗಿ ಶಾಲೆಗಳ ಮಕ್ಕಳೂ ಸೇರಿದ್ದಾರೆ ಎನ್ನುವುದು ನಿಜ. ಆದರೂ ಇಷ್ಟು ದೊಡ್ಡ ಅಂತರ ಹತ್ತನೇ ತರಗತಿಯ ಒಂದು ವರ್ಷದಲ್ಲಿ ಹುಟ್ಟುವಂಥದ್ದಲ್ಲ. ಒಂದನೇ ತರಗತಿಯಲ್ಲಿ ಮೇಷ್ಟ್ರಿಲ್ಲದೆ ಕಳೆದ ತಿಂಗಳುಗಳು, ಆರನೇ ತರಗತಿಯಲ್ಲಿ ಗಣಿತಕ್ಕೆ ಯಾರೂ ಬಾರದೆ ಹೋದ ವರ್ಷ, ಎಲ್ಲ ಸೇರಿ ಹತ್ತಕ್ಕೆ ಬಂದಾಗ ಶೇಕಡಾವಾರು ಆಗಿ ಕಾಣಿಸುತ್ತದೆ.

ಎಲ್ಲಿ ಕೊರತೆ ಇದೆ ಎಂಬುದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವೇನಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅದರಲ್ಲಿ 39 ಅತ್ಯಂತ ಹಿಂದುಳಿದವು ಎಂದು ಹೆಸರು ಹಿಡಿದು ಬರೆದುಕೊಟ್ಟಿತ್ತು. ಆದರೆ ತಾಲ್ಲೂಕಿನ ಸರಾಸರಿ ಎಂಬುದು ನಿಮ್ಮ ಊರಿನ ಶಾಲೆಯ ಪರಿಸ್ಥಿತಿಯನ್ನು ಹೇಳುವುದಿಲ್ಲ. ಒಂದೇ ತಾಲ್ಲೂಕಿನಲ್ಲಿ ಹೆದ್ದಾರಿ ಪಕ್ಕದ ಶಾಲೆಗೆ ಬೇಕಾದ್ದಕ್ಕಿಂತ ಹೆಚ್ಚು ಶಿಕ್ಷಕರಿರುತ್ತಾರೆ. ಬಸ್ಸು ದಿನಕ್ಕೆರಡು ಸಲ ಮಾತ್ರ ಹೋಗುವ ತಾಂಡಾದಲ್ಲೋ ಹಾಡಿಯಲ್ಲೋ ಒಬ್ಬರೇ ಟೀಚರು ಐದು ತರಗತಿ ನೋಡಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುತ್ತಿರುತ್ತಾರೆ. ಪೋಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಹಳೇ ವಿದ್ಯಾರ್ಥಿಗಳು ಕೈಹಾಕಬಹುದಾದದ್ದು ಈ ಅಂತರಕ್ಕೆ. "ನಮ್ಮ ಶಾಲೆ ಹಾಳಾಗಿದೆ" ಎಂದು ಹೇಳಿದರೆ ಯಾರೂ ಕದಲುವುದಿಲ್ಲ. "ಕಾಯ್ದೆ ಪ್ರಕಾರ ಇಷ್ಟಿರಬೇಕು, ಪಕ್ಕದ ಶಾಲೆಯಲ್ಲಿ ಇಷ್ಟಿದೆ, ನಮ್ಮಲ್ಲಿ ಇಷ್ಟೇ ಇದೆ" ಎಂದು ಕಾಗದದ ಮೇಲೆ ತೋರಿಸಿದರೆ ಉತ್ತರ ಕೊಡಲೇಬೇಕಾಗುತ್ತದೆ.

1. ಮೊದಲು ಶಾಲೆಯ ಯುಡೈಸ್ ಸಂಖ್ಯೆ ಹಿಡಿಯಿರಿ

ದೇಶದ ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ (ಶಾಲೆಗಳ ರಾಷ್ಟ್ರೀಯ ಮಾಹಿತಿ ವ್ಯವಸ್ಥೆ) ಸಂಖ್ಯೆ ಇದೆ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಮುಂದಿನ ಎರಡೆರಡು ಅಂಕಿ ಜಿಲ್ಲೆ ಮತ್ತು ಬ್ಲಾಕ್, ಆಮೇಲಿನ ಮೂರು ಊರು ಅಥವಾ ವಾರ್ಡು, ಕೊನೆಯ ಎರಡು ಶಾಲೆ. ಸಾಮಾನ್ಯವಾಗಿ ಶಾಲೆಯ ನಾಮಫಲಕದಲ್ಲೋ ಮುಖ್ಯ ಶಿಕ್ಷಕರ ಕೋಣೆಯ ಗೋಡೆಯ ಮೇಲೋ ಬರೆದಿರುತ್ತದೆ. ಯುಡೈಸ್ ಪ್ಲಸ್ ಜಾಲತಾಣದಲ್ಲಿ 'ನೋ ಯುವರ್ ಸ್ಕೂಲ್' ಎಂಬ ಭಾಗವಿದೆ. ಅಲ್ಲಿ ಈ ಸಂಖ್ಯೆ ಹಾಕಿದರೆ ಶಾಲೆಯ ವರದಿ ಕಾರ್ಡ್ ಸಿಗುತ್ತದೆ. ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ಎಷ್ಟು ಕೊಠಡಿ, ಶೌಚಾಲಯ, ಕುಡಿಯುವ ನೀರು, ವಿದ್ಯುತ್, ಗ್ರಂಥಾಲಯ, ಆಟದ ಮೈದಾನ, ಇಳಿಜಾರು ದಾರಿ, ಕಂಪ್ಯೂಟರ್ ಎಲ್ಲ ಅದರಲ್ಲಿರುತ್ತದೆ. ಮೊಬೈಲಿನಲ್ಲೇ ನೋಡಬಹುದು.

ನಿಮ್ಮ ಶಾಲೆಯ ಕಾರ್ಡ್ ಒಂದನ್ನೇ ತೆಗೆದರೆ ಉಪಯೋಗ ಕಡಿಮೆ. ಅದೇ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪು) ಇನ್ನೆರಡು ಶಾಲೆಗಳದ್ದೂ ತೆಗೆಯಿರಿ. ಒಂದು ಹೋಬಳಿ ಕೇಂದ್ರದ್ದಿರಲಿ, ಇನ್ನೊಂದು ಮಕ್ಕಳ ಸಂಖ್ಯೆಯಲ್ಲಿ ನಿಮ್ಮ ಶಾಲೆಯಷ್ಟೇ ಇರುವಂಥದ್ದು. ಮೂರನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ. ಮಕ್ಕಳ ಸಂಖ್ಯೆ ಒಂದೇ ಇದ್ದು ಶಿಕ್ಷಕರ ಸಂಖ್ಯೆ ಬೇರೆ ಇದ್ದರೆ ನಿಮ್ಮ ಅರ್ಜಿಯ ಅರ್ಧ ಭಾಗ ಅಲ್ಲೇ ಸಿದ್ಧವಾಯಿತು.

2. ಕಾರ್ಡಿನಲ್ಲಿರುವುದನ್ನು ಕಣ್ಣಿನಿಂದ ನೋಡಿ

ಈ ಮಾಹಿತಿಯನ್ನು ತುಂಬಿಸುವುದು ಶಾಲೆಯೇ. ಲೆಕ್ಕ ಸಾಮಾನ್ಯವಾಗಿ ಸೆಪ್ಟೆಂಬರ್ 30ರ ಸ್ಥಿತಿಯದ್ದು. ಕೆಲಸದೊತ್ತಡದಲ್ಲಿ ಹಿಂದಿನ ವರ್ಷದ್ದನ್ನೇ ಮತ್ತೆ ಹಾಕುವುದೂ ಉಂಟು, ಮೇಲಿನವರಿಂದ ಪ್ರಶ್ನೆ ಬಾರದಿರಲಿ ಎಂದು 'ಇದೆ' ಎಂದು ಗುರುತು ಹಾಕುವುದೂ ಉಂಟು. ಶೌಚಾಲಯದ ವಿಷಯದಲ್ಲಿ ಎರಡು ಅಂಕಣಗಳಿವೆ: ಒಟ್ಟು ಎಷ್ಟು, ಬಳಕೆಯಲ್ಲಿರುವುದು ಎಷ್ಟು. ಕೊಠಡಿಗಳಲ್ಲೂ ಅಷ್ಟೆ. ಚೆನ್ನಾಗಿರುವುದು, ಸಣ್ಣ ದುರಸ್ತಿ ಬೇಕಾದದ್ದು, ದೊಡ್ಡ ದುರಸ್ತಿ ಬೇಕಾದದ್ದು ಎಂದು ಬೇರೆ ಬೇರೆ ಬರೆಯಬೇಕು. ಬೀಗ ಹಾಕಿಟ್ಟ ಶೌಚಾಲಯ, ಮಳೆಗಾಲದಲ್ಲಿ ಮಕ್ಕಳನ್ನು ಕೂರಿಸಲಾಗದ ಕೊಠಡಿ ಕಾರ್ಡಿನಲ್ಲಿ 'ಸರಿಯಾಗಿದೆ' ಎಂದಿದ್ದರೆ, ಬೆಂಗಳೂರಿನ ದೃಷ್ಟಿಯಲ್ಲಿ ನಿಮ್ಮ ಶಾಲೆಗೆ ಕೊರತೆಯೇ ಇಲ್ಲ. ಅನುದಾನದ ಪಟ್ಟಿ ತಯಾರಾಗುವುದು ಈ ಅಂಕಿಗಳ ಮೇಲೆ.

ತಪ್ಪು ಕಂಡರೆ ಮುಖ್ಯ ಶಿಕ್ಷಕರ ಮೇಲೆ ಎಗರಬೇಡಿ. ಅವರಿಗೂ ಅದು ಉಪಯೋಗಕ್ಕೆ ಬರುವ ತಿದ್ದುಪಡಿಯೇ. ಎಸ್‌ಡಿಎಂಸಿ ಸಭೆಯಲ್ಲಿ ಮಾತಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ಸಲ ತುಂಬುವಾಗ ಸರಿಪಡಿಸಲು ಕೇಳಿ. ಸಿಆರ್‌ಪಿಗೂ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಒಂದು ಮಾತು ತಿಳಿಸಿ. ಫೋಟೊ ತೆಗೆಯುವಾಗ ಮಕ್ಕಳ ಮುಖ ಬಾರದಂತೆ ತೆಗೆಯಿರಿ, ದಿನಾಂಕ ಇರಲಿ.

3. ಅಳತೆಗೋಲು: ಕಡ್ಡಾಯ ಶಿಕ್ಷಣ ಕಾಯ್ದೆಯ ಅನುಸೂಚಿ

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಖಾಸಗಿ ಶಾಲೆಯ 25 ಪರ್ಸೆಂಟ್ ಸೀಟಿನ ಕಾಯ್ದೆ ಎಂದೇ ನಮ್ಮಲ್ಲಿ ಬಹಳ ಜನ ಅದನ್ನು ತಿಳಿದಿದ್ದಾರೆ. ಅದರ ಕೊನೆಯಲ್ಲಿರುವ ಅನುಸೂಚಿ ಸರ್ಕಾರಿ ಶಾಲೆಗಳ ಪಾಲಿಗೆ ಅದಕ್ಕಿಂತ ದೊಡ್ಡದು. ಒಂದೂವರೆ ಪುಟದಷ್ಟು ಇರಬಹುದು. ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

1ರಿಂದ 5ನೇ ತರಗತಿಗೆ: 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. 150 ದಾಟಿದರೆ ಐವರ ಜೊತೆಗೆ ಒಬ್ಬ ಮುಖ್ಯ ಶಿಕ್ಷಕರು. 6ರಿಂದ 8ಕ್ಕೆ: ತರಗತಿಗೆ ಕನಿಷ್ಠ ಒಬ್ಬರು, ಅದರಲ್ಲಿ ವಿಜ್ಞಾನ–ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು, 35 ಮಕ್ಕಳಿಗೆ ಒಬ್ಬರಿಗಿಂತ ಕಡಿಮೆ ಇರಕೂಡದು. ಈ ಹಂತದಲ್ಲಿ ಮಕ್ಕಳು ನೂರು ದಾಟಿದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು, ಜೊತೆಗೆ ಚಿತ್ರಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು.

ಮೊದಲ ಸಾಲನ್ನು ಇನ್ನೊಮ್ಮೆ ಓದಿ. ಎಂಟೇ ಮಕ್ಕಳಿದ್ದರೂ ಇಬ್ಬರು ಶಿಕ್ಷಕರು. ಏಕೋಪಾಧ್ಯಾಯ ಶಾಲೆಗೆ ಈ ಅನುಸೂಚಿಯಲ್ಲಿ ಜಾಗವೇ ಇಲ್ಲ. "ಮಕ್ಕಳೇ ಇಲ್ಲ, ಇನ್ನೊಬ್ಬ ಮೇಷ್ಟ್ರು ಯಾಕೆ" ಎಂದು ಯಾರಾದರೂ ಕೇಳಿದರೆ ಈ ಸಾಲನ್ನು ತೋರಿಸಿ.

ಕಟ್ಟಡದ ವಿಷಯದಲ್ಲಿ: ಶಿಕ್ಷಕರೊಬ್ಬರಿಗೆ ಒಂದು ಕೊಠಡಿ, ಕಚೇರಿ–ದಾಸ್ತಾನು–ಮುಖ್ಯ ಶಿಕ್ಷಕರಿಗೆ ಸೇರಿ ಒಂದು ಕೋಣೆ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಸುರಕ್ಷಿತ ಕುಡಿಯುವ ನೀರು, ಅಡುಗೆ ಕೋಣೆ, ಆಟದ ಮೈದಾನ, ಕಾಂಪೌಂಡ್ ಅಥವಾ ಬೇಲಿ, ಅಂಗವಿಕಲ ಮಕ್ಕಳು ಒಳಗೆ ಬರಲು ಅಡ್ಡಿಯಿಲ್ಲದ ದಾರಿ. ದಿನಪತ್ರಿಕೆ ಸಹಿತ ಗ್ರಂಥಾಲಯವೂ ಇದೇ ಪಟ್ಟಿಯಲ್ಲಿದೆ. ವರ್ಷಕ್ಕೆ 1ರಿಂದ 5ಕ್ಕೆ 200 ದಿನ, 6ರಿಂದ 8ಕ್ಕೆ 220 ದಿನ ಪಾಠ ನಡೆಯಬೇಕು.

ಒಂದು ಲೆಕ್ಕ ಹಾಕೋಣ. 1ರಿಂದ 5ರಲ್ಲಿ 84 ಮಕ್ಕಳು, 6ರಿಂದ 8ರಲ್ಲಿ 68 ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆ ಎಂದುಕೊಳ್ಳಿ. ಕೆಳಗಿನ ಹಂತಕ್ಕೆ ಮೂವರು, ಮೇಲಿನ ಹಂತಕ್ಕೆ ಮೂವರು, ಒಟ್ಟು ಆರು. ಶಾಲೆಯಲ್ಲಿ ನಾಲ್ವರಿದ್ದು, ಆ ನಾಲ್ವರಲ್ಲಿ ಗಣಿತ–ವಿಜ್ಞಾನ ಓದಿದವರು ಯಾರೂ ಇಲ್ಲದಿದ್ದರೆ ಕೊರತೆ "ಇಬ್ಬರು" ಎಂದಷ್ಟೇ ಬರೆಯಬೇಡಿ. "ಇಬ್ಬರು, ಅದರಲ್ಲಿ ಒಬ್ಬರು ಗಣಿತ–ವಿಜ್ಞಾನದವರು" ಎಂದು ಬರೆಯಿರಿ. ಇಲ್ಲದಿದ್ದರೆ ಮತ್ತೊಬ್ಬ ಭಾಷಾ ಶಿಕ್ಷಕರನ್ನು ಕೊಟ್ಟು ಕಡತ ಮುಚ್ಚುತ್ತಾರೆ.

4. ಶಿಕ್ಷಕರ ಕೊರತೆ: ಎಲ್ಲಕ್ಕಿಂತ ಮೊದಲು ಇದು

ಗೋಡೆಗೆ ಬಣ್ಣ ಬಳಿಸಲು, ಸ್ಮಾರ್ಟ್ ಟಿವಿ ಕೊಡಿಸಲು, ಬ್ಯಾಗು ಹಂಚಲು ದಾನಿಗಳು ಸಿಗುತ್ತಾರೆ. ಮೇಷ್ಟ್ರನ್ನು ದಾನ ಕೊಡುವವರು ಯಾರೂ ಇಲ್ಲ. ಆದ್ದರಿಂದ ನಿಮ್ಮ ಶಕ್ತಿಯ ಬಹುಪಾಲನ್ನು ಇಲ್ಲಿಗೇ ಹಾಕಿ ಎನ್ನುವುದು ನನ್ನ ಅಭಿಪ್ರಾಯ.

ಮೊದಲು ಹಾಜರಾತಿ ಪುಸ್ತಕದ ಲೆಕ್ಕವನ್ನೂ ಮಂಜೂರಾದ ಹುದ್ದೆಯ ಲೆಕ್ಕವನ್ನೂ ಬೇರೆ ಮಾಡಿ. ಕೇಳಬೇಕಾದ ಪ್ರಶ್ನೆ ನಾಲ್ಕು: ಎಷ್ಟು ಹುದ್ದೆ ಮಂಜೂರಾಗಿದೆ? ಅದರಲ್ಲಿ ಎಷ್ಟು ಭರ್ತಿಯಾಗಿದೆ? ಭರ್ತಿಯಾದವರಲ್ಲಿ ನಿಯೋಜನೆ ಮೇಲೆ ಬೇರೆ ಕಡೆ ಹೋದವರು ಯಾರು? ಅತಿಥಿ ಶಿಕ್ಷಕರು ಎಷ್ಟು ಮಂದಿ?

ಮೂರನೆಯದು ಎಲ್ಲರ ಕಣ್ಣು ತಪ್ಪಿಸಿಕೊಳ್ಳುವಂಥದ್ದು. ಶಿಕ್ಷಕರ ಸಂಬಳ ನಿಮ್ಮ ಶಾಲೆಯ ಹುದ್ದೆಯಿಂದ ಆಗುತ್ತಿರುತ್ತದೆ, ಅವರು ಕೂರುವುದು ತಾಲ್ಲೂಕು ಕೇಂದ್ರದ ಕಚೇರಿಯಲ್ಲೋ ಪಟ್ಟಣದ ಇನ್ನೊಂದು ಶಾಲೆಯಲ್ಲೋ. ದಾಖಲೆಯಲ್ಲಿ ಹುದ್ದೆ ಭರ್ತಿ. ಹಾಗಾಗಿ ಅತಿಥಿ ಶಿಕ್ಷಕರನ್ನೂ ಕೊಡುವುದಿಲ್ಲ. ಮಕ್ಕಳಿಗೆ ಎರಡೂ ಕಡೆಯಿಂದ ನಷ್ಟ. ಹಾಗೆ ಹೋದವರು ಇದ್ದರೆ ಎಸ್‌ಡಿಎಂಸಿ ಠರಾವಿನಲ್ಲಿ ವ್ಯಕ್ತಿಯನ್ನು ದೂರದೆ, "ನಿಯೋಜನೆ ರದ್ದುಪಡಿಸಿ ಮೂಲ ಶಾಲೆಗೆ ವಾಪಸ್ ಕಳಿಸಿ" ಎಂದಷ್ಟು ಕೇಳಿ. ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣಾ ಕೆಲಸ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕುವುದನ್ನು ನಿಷೇಧಿಸುತ್ತದೆ. 26ನೇ ಕಲಂ ಪ್ರಕಾರ ಶಾಲೆಯ ಖಾಲಿ ಹುದ್ದೆ ಮಂಜೂರಾತಿಯ ಶೇ. 10ನ್ನು ಮೀರಬಾರದು.

ಎರಡನೆಯ ವಿಷಯ ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ. ಮಕ್ಕಳ ಸಂಖ್ಯೆಗಿಂತ ಹೆಚ್ಚು ಶಿಕ್ಷಕರಿರುವ ಶಾಲೆಯಿಂದ ಕೊರತೆ ಇರುವ ಶಾಲೆಗೆ ಕಳಿಸುವ ಪ್ರಕ್ರಿಯೆ ಇದು. ಕೇಳಲು ನ್ಯಾಯವೇ. ಲೆಕ್ಕ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ತೊಡಕಿದೆ. ಯಾದಗಿರಿ, ರಾಯಚೂರು ಕಡೆ ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಹೊಲಕ್ಕೆ ಹೋಗುತ್ತಾರೆ. ತಾಂಡಾಗಳಿಂದ ಕುಟುಂಬಕ್ಕೆ ಕುಟುಂಬವೇ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತದೆ. ಅಂಥ ಮಕ್ಕಳ ಹೆಸರು ಎಸ್‌ಎಟಿಎಸ್‌ನಿಂದ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ಬಿಟ್ಟುಹೋದರೆ ದಾಖಲಾತಿ ಇಳಿಯುತ್ತದೆ, ದಾಖಲಾತಿ ಇಳಿದರೆ ಒಬ್ಬ ಶಿಕ್ಷಕರು 'ಹೆಚ್ಚುವರಿ' ಆಗುತ್ತಾರೆ, ಅವರು ಹೋದ ಮೇಲೆ ಉಳಿದ ಪೋಷಕರೂ ಮಕ್ಕಳನ್ನು ಬಿಡಿಸಿ ಪಟ್ಟಣದ ವ್ಯಾನಿಗೆ ಹತ್ತಿಸುತ್ತಾರೆ. ಎರಡು ಮೂರು ವರ್ಷದಲ್ಲಿ ಶಾಲೆ ವಿಲೀನದ ಪಟ್ಟಿಗೆ ಬರುತ್ತದೆ. ಬಡವರ ಊರು ತನ್ನ ಬಡತನಕ್ಕಾಗಿಯೇ ಮೇಷ್ಟ್ರನ್ನು ಕಳೆದುಕೊಳ್ಳುವ ಬಗೆ ಇದು.

ಇದನ್ನು ತಡೆಯಲು ಎರಡು ಕೆಲಸ ಮಾಡಿ. ಗುಳೆ ಶುರುವಾಗುವ ಮೊದಲೇ ಹೋಗುವ ಕುಟುಂಬಗಳ ಪಟ್ಟಿ ಬರೆದು ಮುಖ್ಯ ಶಿಕ್ಷಕರಿಗೆ, ಸಿಆರ್‌ಪಿಗೆ ಕೊಡಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಲಸೆ ಕುಟುಂಬಗಳ ಮಕ್ಕಳಿಗೆ ಋತುಮಾನದ ವಸತಿ ಕೇಂದ್ರ ತೆರೆಯಲು ಅವಕಾಶವಿದೆ. ಅಜ್ಜ ಅಜ್ಜಿಯ ಹತ್ತಿರ ಮಕ್ಕಳನ್ನು ಬಿಟ್ಟುಹೋಗಲು ಆಗದವರ ಹೆಸರನ್ನು ಅದಕ್ಕೆ ಕೇಳಿ. ಎರಡನೆಯದಾಗಿ, ಹೆಚ್ಚುವರಿ ಶಿಕ್ಷಕರ ತಾತ್ಕಾಲಿಕ ಪಟ್ಟಿ ಪ್ರಕಟವಾದಾಗ ಆಕ್ಷೇಪಣೆಗೆ ಕೆಲವೇ ದಿನ ಕೊಡುತ್ತಾರೆ. ಪಟ್ಟಿಯನ್ನು ಶಿಕ್ಷಕರಷ್ಟೇ ನೋಡುತ್ತಾರೆ, ಪೋಷಕರು ನೋಡುವುದೇ ಇಲ್ಲ. ನಿಮ್ಮ ಶಾಲೆಯ ಹೆಸರು ಅದರಲ್ಲಿದ್ದರೆ ಸರಿಯಾದ ದಾಖಲಾತಿ ಸಂಖ್ಯೆಯೊಂದಿಗೆ ಎಸ್‌ಡಿಎಂಸಿ ಕಡೆಯಿಂದ ಲಿಖಿತ ಆಕ್ಷೇಪಣೆ ಹೋಗಲಿ.

ಅತಿಥಿ ಶಿಕ್ಷಕರನ್ನು ತಾಲ್ಲೂಕಿಗೆ ಇಂತಿಷ್ಟು ಎಂದು ಹಂಚುತ್ತಾರೆ. ಶಾಲೆ ಶುರುವಾಗುವ ಮೊದಲೇ, ಮೇ ತಿಂಗಳ ಕೊನೆಯೊಳಗೆ ನಿಮ್ಮ ಬೇಡಿಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಇರಬೇಕು. ಆಗಸ್ಟಿನಲ್ಲಿ ಕೇಳಿದರೆ ಹಂಚಿಕೆ ಮುಗಿದಿದೆ ಎನ್ನುತ್ತಾರೆ.

5. ಕಟ್ಟಡಕ್ಕೆ ಹಣ ಬರುವ ಮೊದಲು ಜಾಗದ ಕಾಗದ

ಅನೇಕ ಹಳ್ಳಿಗಳಲ್ಲಿ ಶಾಲೆಯ ಜಾಗ ಹಿಂದೆ ಊರಿನ ಯಾರೋ ಹಿರಿಯರು ಬಾಯಿಮಾತಿನಲ್ಲಿ ಕೊಟ್ಟದ್ದು. ಅವರ ಕಾಲ ಮುಗಿದು ಮೊಮ್ಮಕ್ಕಳು ಬಂದ ಮೇಲೆ ಪಹಣಿಯಲ್ಲಿ ಅವರದ್ದೇ ಹೆಸರು. ಹೊಸ ಕೊಠಡಿ ಮಂಜೂರಾದಾಗ ಎಂಜಿನಿಯರ್ ದಾಖಲೆ ಕೇಳುತ್ತಾರೆ, ಇಲ್ಲ ಎಂದಾದರೆ ಹಣ ಬೇರೆ ಊರಿಗೆ ಹೋಗುತ್ತದೆ. ಹೀಗೆ ಕೈತಪ್ಪಿದ ಕೊಠಡಿಗಳ ಬಗ್ಗೆ ಊರವರಿಗೆ ಗೊತ್ತೂ ಆಗುವುದಿಲ್ಲ.

ಹಾಗಾಗಿ ಈಗಲೇ ಗ್ರಾಮ ಪಂಚಾಯಿತಿಯಲ್ಲಿ ಶಾಲೆಯ ಆಸ್ತಿಯ ಖಾತೆ ಯಾರ ಹೆಸರಿನಲ್ಲಿದೆ, ಇ–ಸ್ವತ್ತು (ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆ) ಆಗಿದೆಯೇ ನೋಡಿ. ದಾನದ ಜಾಗವಾದರೆ ವಾರಸುದಾರರನ್ನು ಕೂರಿಸಿ ಮಾತಾಡಿ, ಉಪನೋಂದಣಿ ಕಚೇರಿಯಲ್ಲಿ ದಾನಪತ್ರ ಮಾಡಿಸಿ. ದಾನ ಕೊಟ್ಟ ಹಿರಿಯರ ಹೆಸರನ್ನು ಒಂದು ಕೊಠಡಿಗೆ ಇಡುತ್ತೇವೆ ಎಂದರೆ ಬಹಳ ಮನೆಗಳಲ್ಲಿ ಒಪ್ಪಿಗೆ ಸಿಗುತ್ತದೆ. ಗೋಮಾಳವೋ ಸರ್ಕಾರಿ ಜಾಗವೋ ಆದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ. ಒತ್ತುವರಿ ಇದ್ದರೆ ಕಾಂಪೌಂಡ್ ಕಟ್ಟುವ ಮೊದಲೇ ಬಗೆಹರಿಯಬೇಕು.

ಹಳೇ ಕಟ್ಟಡ ಬೀಳುವಂತಿದ್ದರೆ ಇನ್ನೊಂದು ಕಾಗದ ಬೇಕು: ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದಿಂದ ಕಟ್ಟಡ ಶಿಥಿಲವಾಗಿದೆ ಎಂಬ ಪ್ರಮಾಣಪತ್ರ. ಅದಿಲ್ಲದೆ ಕೆಡವಲು ಅನುಮತಿ ಸಿಗದು; ಕೆಡವದೆ ಅದೇ ಜಾಗದಲ್ಲಿ ಹೊಸದು ಕಟ್ಟಲಾಗದು. ದುರಸ್ತಿಯಾದರೆ ಅದೇ ವಿಭಾಗದ ಎಂಜಿನಿಯರ್‌ ಅವರಿಂದ ಅಂದಾಜು ಪಟ್ಟಿ ಮಾಡಿಸಿಟ್ಟುಕೊಳ್ಳಿ. ಮಾರ್ಚ್ ತಿಂಗಳಲ್ಲಿ ಖರ್ಚಾಗದೆ ಉಳಿದ ಹಣಕ್ಕೆ ಎಲ್ಲರೂ ಕಾಮಗಾರಿ ಹುಡುಕುತ್ತಿರುತ್ತಾರೆ. ಅಂದಾಜು ಪಟ್ಟಿ ಸಿದ್ಧವಿರುವ ಶಾಲೆಗೆ ಅದು ಬರುವ ಸಾಧ್ಯತೆ ಹೆಚ್ಚು.

ಕರೆಂಟಿನದ್ದೂ ಹೀಗೇ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು 2023ರ ರಾಜ್ಯೋತ್ಸವದಂದು ಘೋಷಣೆಯಾಗಿದೆ. ನಿಮ್ಮ ಶಾಲೆಯ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಶಾಲೆಯ ಹೆಸರಿನಲ್ಲೇ ಇದೆಯೇ, ಹಳೇ ಬಾಕಿ ತೋರಿಸುತ್ತಿದೆಯೇ ಎಂದು ಒಮ್ಮೆ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಕಚೇರಿಯಲ್ಲಿ ವಿಚಾರಿಸಿ.

6. ಹಣ ಎಲ್ಲೆಲ್ಲಿದೆ

ಸಮಗ್ರ ಶಿಕ್ಷಣದ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಯೋಜನೆಯ ಮಾನದಂಡದಂತೆ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000, 251ರಿಂದ 1,000ಕ್ಕೆ 75,000, ಅದರ ಮೇಲೆ 1 ಲಕ್ಷ. ಇದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ. ಸೂತ್ರದಲ್ಲೇ ಒಂದು ಅನ್ಯಾಯ ಇದೆ, ಗಮನಿಸಿ. 28 ಮಕ್ಕಳ ಶಾಲೆಗೂ ಸೀಮೆಸುಣ್ಣ, ಬಲ್ಬು, ಪೊರಕೆ, ನೀರಿನ ಮೋಟಾರು ರಿಪೇರಿ ಎಲ್ಲ ಬೇಕೇ ಬೇಕು. ಕಟ್ಟಡ ಸೋರುತ್ತದೋ ಹೊಸದೋ ಎಂದು ಆ ಸೂತ್ರ ಕೇಳುವುದಿಲ್ಲ. ಆದ್ದರಿಂದ ಸಣ್ಣ ಶಾಲೆಗಳು ಈ ಅನುದಾನವನ್ನು ನೆಚ್ಚಿ ಕೂರಲಾಗದು, ಬೇರೆ ಬಾಗಿಲು ತಟ್ಟಲೇಬೇಕು.

ಗ್ರಾಮ ಪಂಚಾಯಿತಿ ಅತ್ಯಂತ ಹತ್ತಿರದ ಬಾಗಿಲು. ಹಣಕಾಸು ಆಯೋಗದ ಅನುದಾನದಲ್ಲಿ ನೀರು, ನೈರ್ಮಲ್ಯಕ್ಕೆ ಮೀಸಲಾದ ಪಾಲಿದೆ. ಶಾಲೆಯ ಶೌಚಾಲಯ, ನೀರಿನ ತೊಟ್ಟಿ, ಕೈತೊಳೆಯುವ ನಲ್ಲಿ ಇದರಲ್ಲಿ ಆಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ನಮ್ಮ ರಾಜ್ಯದ ಬಹಳಷ್ಟು ಪಂಚಾಯಿತಿಗಳು ಶಾಲಾ ಕಾಂಪೌಂಡ್, ಆಟದ ಮೈದಾನ, ಅಡುಗೆ ಕೋಣೆ, ಇಂಗುಗುಂಡಿ ಮಾಡಿಸಿವೆ. ಅದರ ನಿಯಮಗಳು ಬದಲಾಗುತ್ತಿರುತ್ತವೆ, ಈ ವರ್ಷ ಯಾವ ಕಾಮಗಾರಿಗೆ ಅವಕಾಶ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿಕೊಳ್ಳಿ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಾದರೆ ನಿಮಗೆ ಇನ್ನೊಂದು ದಾರಿ ಇದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಅಡಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕೆಲಸ ಮಾಡುತ್ತದೆ. ಶಾಲಾ ಕೊಠಡಿಗಳು ಅದರ ಕ್ರಿಯಾಯೋಜನೆಯಲ್ಲಿ ಸೇರುತ್ತವೆ. ಬಳ್ಳಾರಿಯಂಥ ಗಣಿ ಪ್ರದೇಶದಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಗೆ ಶಿಕ್ಷಣ ಆದ್ಯತೆಯ ವಲಯ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ಸಂಸದರ ನಿಧಿ ಎಲ್ಲ ಕಡೆಯೂ ಇದ್ದೇ ಇದೆ. ಪರಿಶಿಷ್ಟರ ಕಾಲೊನಿಯ ಶಾಲೆಯಾದರೆ 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ (ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆ) ಕಾಯ್ದೆಯಡಿಯ ಹಣವನ್ನೂ ಕೇಳಿ. ಆ ಹಣ ಊರ ಮಧ್ಯದ ರಸ್ತೆಗೆ ಹೋಗಿ, ಕಾಲೊನಿಯ ಶಾಲೆ ಹಾಗೇ ಉಳಿದಿರುವುದು ಕಂಡರೆ ಗ್ರಾಮಸಭೆಯಲ್ಲೇ ಕೇಳಬೇಕಾದ ಪ್ರಶ್ನೆ ಅದು.

7. ಎಸ್‌ಡಿಎಂಸಿ ಮತ್ತು ಕ್ಯಾಲೆಂಡರ್

ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಲ್ಲೇ ಬಂದವು. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಿಂದ, ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ ಬರುವುದಕ್ಕೆ ಎಷ್ಟೋ ವರ್ಷ ಮೊದಲು. ಅಧ್ಯಕ್ಷರು ಪೋಷಕರಿಂದಲೇ ಆಗಬೇಕು, ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. ಕಾಯ್ದೆಯ 21ನೇ ಕಲಂ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರು, ಅರ್ಧ ಮಹಿಳೆಯರು, ಹಿಂದುಳಿದ ಹಾಗೂ ದುರ್ಬಲ ವರ್ಗದ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಎನ್ನುತ್ತದೆ. ಊರಿನ ಮುಖಂಡರ ಕಡೆಯವರೇ ಅಧ್ಯಕ್ಷರಾಗಿ, ಅವರ ಮಕ್ಕಳು ಪಟ್ಟಣದ ಕಾನ್ವೆಂಟಿಗೆ ಹೋಗುತ್ತಿದ್ದರೆ ಸಮಿತಿ ಹೆಸರಿಗಷ್ಟೇ. ಕಾಲೊನಿಯ ತಾಯಿಯೊಬ್ಬರು ಸಭೆಯಲ್ಲಿ ಕುರ್ಚಿಯಲ್ಲಿ ಕೂತು ಮಾತಾಡುತ್ತಾರೋ, ರುಜು ಮಾತ್ರ ಹಾಕುತ್ತಾರೋ ನೋಡಿ. ಕೂಲಿ ಬಿಟ್ಟು ಬರಲಾಗದವರಿಗಾಗಿ ಸಭೆಯನ್ನು ಸಂಜೆಗೆ ಇಡಿ, ಅಷ್ಟರಿಂದಲೇ ಹಾಜರಿ ಬದಲಾಗುತ್ತದೆ.

22ನೇ ಕಲಂ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿಯ ಕೆಲಸ, ಅದೇ ಅನುದಾನಕ್ಕೆ ಆಧಾರ ಆಗಬೇಕು. ಈವರೆಗೆ ನೀವು ಮಾಡಿದ ಮೂರು ಶಾಲೆಗಳ ಹಾಳೆ, ಶಿಕ್ಷಕರ ಲೆಕ್ಕ, ಅಂದಾಜು ಪಟ್ಟಿ ಎಲ್ಲ ಇದರೊಳಗೆ ಬರಲಿ. ಆದ್ಯತೆ ಹಾಕುವಾಗ ಮೂರಕ್ಕಿಂತ ಹೆಚ್ಚು ಬೇಡ. ಇಪ್ಪತ್ತು ಬೇಡಿಕೆಯ ಪಟ್ಟಿ ಕೊಟ್ಟರೆ ಅಧಿಕಾರಿಗಳು ಸುಲಭವಾದ ಒಂದನ್ನು ಕೊಟ್ಟು, ಕೊಟ್ಟೆವು ಎನ್ನುತ್ತಾರೆ.

ಕಾಲ ತಪ್ಪಿದರೆ ಎಷ್ಟೇ ಒಳ್ಳೆಯ ಯೋಜನೆಯೂ ಮುಂದಿನ ವರ್ಷಕ್ಕೆ. ಮೇ–ಜೂನ್ ಅತಿಥಿ ಶಿಕ್ಷಕರಿಗೆ. ಸೆಪ್ಟೆಂಬರ್ ಯುಡೈಸ್ ಸರಿಪಡಿಸಲು. ಅಕ್ಟೋಬರ್ 2ರಿಂದ ಪಂಚಾಯಿತಿಯ ಮುಂದಿನ ವರ್ಷದ ಯೋಜನೆಯ ಗ್ರಾಮಸಭೆಗಳು ಶುರುವಾಗುತ್ತವೆ. ಶಾಲೆಯ ಕಾಂಪೌಂಡ್, ಶೌಚಾಲಯ ಅಲ್ಲಿನ ಠರಾವಿನಲ್ಲಿ ಸೇರಿರಬೇಕು. ನವೆಂಬರ್ ನಂತರ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಇದನ್ನು ಹಾಡು, ಭಾಷಣಕ್ಕೆ ಸೀಮಿತ ಮಾಡಲು ಬಿಡಬೇಡಿ. ಶೌಚಾಲಯಕ್ಕೆ ನೀರಿಲ್ಲ ಎಂದು ಏಳನೇ ತರಗತಿಯ ಹುಡುಗಿ ಪಿಡಿಒ ಮುಂದೆ ಹೇಳಿದರೆ, ಅದು ನಡಾವಳಿಯಲ್ಲಿ ದಾಖಲಾದರೆ, ನಿಮ್ಮ ಹತ್ತು ಮನವಿಗೆ ಸಮ. ಜನವರಿಯೊಳಗೆ ಶಾಲಾ ಯೋಜನೆಯ ಪ್ರತಿ ಬಿಇಒ ಕಚೇರಿಗೆ ಹೋಗಲಿ.

8. ಬರೆಯುವುದು, ಕೊಡುವುದು, ಬೆನ್ನು ಹತ್ತುವುದು

ಮನವಿ ಒಂದೇ ಪುಟ ಇರಲಿ. ಹೀಗೆ ಬರೆಯಬಹುದು:

*ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ,*
*ವಿಷಯ: ನಮ್ಮ ಶಾಲೆಗೆ (ಯುಡೈಸ್ ಸಂಖ್ಯೆ …) ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಶಿಕ್ಷಕರನ್ನು ಒದಗಿಸುವ ಕುರಿತು.*
*ಮಾನ್ಯರೇ, ನಮ್ಮ ಶಾಲೆಯಲ್ಲಿ 1ರಿಂದ 5ನೇ ತರಗತಿಯಲ್ಲಿ 84, 6ರಿಂದ 8ನೇ ತರಗತಿಯಲ್ಲಿ 68 ಮಕ್ಕಳಿದ್ದಾರೆ. ಅನುಸೂಚಿಯಂತೆ 6 ಶಿಕ್ಷಕರಿರಬೇಕು, 4 ಮಂದಿ ಇದ್ದಾರೆ. ಗಣಿತ–ವಿಜ್ಞಾನ ಶಿಕ್ಷಕರು ಯಾರೂ ಇಲ್ಲ. ಇದೇ ಕ್ಲಸ್ಟರಿನ ಇತರ ಎರಡು ಶಾಲೆಗಳ ವಿವರವನ್ನು ಲಗತ್ತಿಸಿದೆ. ಗಣಿತ–ವಿಜ್ಞಾನ ಶಿಕ್ಷಕರೊಬ್ಬರನ್ನು ಕೂಡಲೇ, ಇನ್ನೊಬ್ಬರನ್ನು ಮುಂದಿನ ಮರುಹೊಂದಾಣಿಕೆಯಲ್ಲಿ ಒದಗಿಸಬೇಕೆಂದು … ದಿನಾಂಕದ ಎಸ್‌ಡಿಎಂಸಿ ಸಭೆಯ ಠರಾವಿನಂತೆ ಕೋರುತ್ತೇವೆ. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಲು ವಿನಂತಿ.*

ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದ ಅರ್ಜಿ ಕೊಟ್ಟಿಲ್ಲದ ಅರ್ಜಿಗೆ ಸಮ. ಗ್ರಾಮ ಪಂಚಾಯಿತಿಗೂ ಡಿಡಿಪಿಐಗೂ (ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಪ್ರತಿ ಹೋಗಲಿ. ಪಂಚಾಯಿತಿಗೆ ಏಕೆಂದರೆ, ಕಾಯ್ದೆಯ 32ನೇ ಕಲಂ ದೂರನ್ನು ಸ್ಥಳೀಯ ಪ್ರಾಧಿಕಾರಕ್ಕೆ ಕೊಡಬೇಕು, ಅದು ಮೂರು ತಿಂಗಳೊಳಗೆ ತೀರ್ಮಾನಿಸಬೇಕು ಎನ್ನುತ್ತದೆ. ಆ ತೀರ್ಮಾನದಿಂದ ತೃಪ್ತಿಯಾಗದಿದ್ದರೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಆಯೋಗಕ್ಕೆ ಬರೆಯುವಾಗ ಹಿಂದಿನ ಮುದ್ರೆ ಬಿದ್ದ ಪ್ರತಿಗಳೇ ನಿಮ್ಮ ಸಾಕ್ಷಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಿರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಇಲ್ಲ. "ಏಕೆ ಕೊಟ್ಟಿಲ್ಲ" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. "ನಮ್ಮ ಕ್ಲಸ್ಟರಿನ ಎಲ್ಲ ಶಾಲೆಗಳ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ನಿಯೋಜನೆಯ ಮೇಲಿರುವವರ ಆದೇಶದ ಪ್ರತಿ, ಅತಿಥಿ ಶಿಕ್ಷಕರ ಹಂಚಿಕೆ ಪಟ್ಟಿ ಕೊಡಿ" ಎಂದು ದಾಖಲೆಯನ್ನೇ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಎಷ್ಟೋ ಸಲ ಮಾಹಿತಿ ಬರುವ ಮೊದಲೇ ನಿಯೋಜನೆ ರದ್ದಾಗಿ ಮೇಷ್ಟ್ರು ಬಂದಿರುತ್ತಾರೆ.

ಈ ನಡುವೆ ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನೆ) ಸಭೆಯನ್ನು ಮರೆಯಬೇಡಿ. ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಸಭೆಯಲ್ಲಿ ಬಿಇಒ ಎದ್ದುನಿಂತು ಉತ್ತರ ಕೊಡಬೇಕು. ಸಭೆಗೆ ಕೆಲವು ದಿನ ಮೊದಲು ನಿಮ್ಮ ಒಂದು ಪುಟವನ್ನು ಶಾಸಕರ ಕಚೇರಿಗೂ ಸ್ಥಳೀಯ ಪತ್ರಕರ್ತರಿಗೂ ತಲುಪಿಸಿ. ಮುಖ್ಯ ಶಿಕ್ಷಕರ ಹೆಸರನ್ನು ಇದರಲ್ಲಿ ಎಳೆಯಬೇಡಿ, ಅವರು ಸರ್ಕಾರಿ ನೌಕರರು. ಎಲ್ಲ ಪತ್ರ ಪೋಷಕ ಸದಸ್ಯರ ರುಜುವಿನಲ್ಲೇ ಹೋಗಲಿ.

9. ದಾನಿಗಳು ಬಂದರೆ

ಹಳೇ ವಿದ್ಯಾರ್ಥಿಗಳು, ಬೆಂಗಳೂರಿನ ಕಂಪನಿಗಳು, ಅಮೆರಿಕದಲ್ಲಿರುವ ಊರಿನ ಹುಡುಗರು ಸಹಾಯ ಮಾಡಲು ಮುಂದೆ ಬಂದರೆ ಒಳ್ಳೆಯದೇ. ಆದರೆ ದಾನ ಹರಿಯುವುದು ಪ್ರಭಾವಿಗಳು ಓದಿದ ಶಾಲೆಗೆ, ಕಾರು ಹೋಗುವ ರಸ್ತೆಯಲ್ಲಿರುವ ಶಾಲೆಗೆ. ಇದರಿಂದ ಅಂತರ ಹೆಚ್ಚೂ ಆಗಬಹುದು. ಅವರು ಏನು ಕೊಡಲಿ ಎಂದು ಕೇಳಿದರೆ ನಿಮ್ಮ ಯೋಜನೆಯ ಹಾಳೆಯನ್ನು ಮುಂದಿಡಿ. ಈಗಾಗಲೇ ಒಂದು ಕಂಪ್ಯೂಟರ್ ಕೋಣೆ ಇದ್ದರೆ, ಎರಡನೆಯದರ ಹಣವನ್ನು ಅದೇ ಕ್ಲಸ್ಟರಿನ ಕಿರಿಯ ಪ್ರಾಥಮಿಕ ಶಾಲೆಯ ನೀರಿನ ಫಿಲ್ಟರಿಗೆ ತಿರುಗಿಸಲು ಹೇಳಿ. ಯಂತ್ರ ಕೊಡುವವರಿಂದ ಮೂರು ವರ್ಷದ ನಿರ್ವಹಣೆಯನ್ನೂ ಬರೆಸಿಕೊಳ್ಳಿ. ಕೆಟ್ಟ ಮೇಲೆ ಕವರ್ ಹೊದಿಸಿಟ್ಟ ಪ್ರೊಜೆಕ್ಟರುಗಳು ಪ್ರತಿ ತಾಲ್ಲೂಕಿನಲ್ಲೂ ಇವೆ. ದಾನವಾಗಿ ಬಂದದ್ದೆಲ್ಲ ದಾಸ್ತಾನು ಪುಸ್ತಕಕ್ಕೆ ಏರಬೇಕು.

ಕಾಮಗಾರಿ ಮಂಜೂರಾದ ಮೇಲೆ ಅಂದಾಜು ಪಟ್ಟಿಯ ಪ್ರತಿಯನ್ನು ಶಾಲೆಯ ಗೋಡೆಗೆ ಅಂಟಿಸಿ. ಎಷ್ಟು ಚೀಲ ಸಿಮೆಂಟು, ಯಾವ ಅಳತೆಯ ಕಬ್ಬಿಣ ಎಂದು ಅದರಲ್ಲೇ ಇರುತ್ತದೆ, ಊರಲ್ಲಿ ಗಾರೆ ಕೆಲಸ ಬಲ್ಲ ಒಬ್ಬರಾದರೂ ಇರುತ್ತಾರೆ. ಶೌಚಾಲಯ ಕಟ್ಟಿ ನೀರಿನ ಪೈಪು ಜೋಡಿಸದೆ ಬಿಲ್ ಮಾಡಿಸಿಕೊಳ್ಳುವುದು ಸಾಮಾನ್ಯ. ನೀರು ಬಂದ ಮೇಲಷ್ಟೇ ಎಸ್‌ಡಿಎಂಸಿ ಕೆಲಸ ಮುಗಿದಿದೆ ಎಂಬ ಪತ್ರಕ್ಕೆ ರುಜು ಹಾಕಲಿ. ಆ ಸೆಪ್ಟೆಂಬರಿನಲ್ಲಿ ಯುಡೈಸ್ ತುಂಬುವಾಗ ಬಳಕೆಯಲ್ಲಿರುವ ಶೌಚಾಲಯದ ಅಂಕಣವನ್ನು ತಿದ್ದಿಸಿ, ಪಟ್ಟಿಯ ಎರಡನೇ ಬೇಡಿಕೆಗೆ ಹೊಸ ಅರ್ಜಿ ಬರೆಯಿರಿ.